ಬಿಟ್ಟುಕೊಡದ ಸಿ.ಡಿ.

ಇಳಕಲ್ಲಿನಿಂದ ಬಾಗಲಕೋಟೆಗೆ ಹೋದಾಗಲೆಲ್ಲ ನಾನು ಒಂದು ಹಳೆಯ ಕ್ಯಾಸೆಟ್ ಅಂಗಡಿಗೆ ಹೋಗುತ್ತಿದ್ದೆ. ಈಗ ಅಲ್ಲಿ ಮಾರುವುದು ಮೊಬೈಲ್ ಕವರು, ಚಾರ್ಜರು. ಬಾಗಿಲ ಪಕ್ಕದ ರಟ್ಟಿನ ಡಬ್ಬಿಯಲ್ಲಿ ಮಾತ್ರ ಗುಜರಿಯವರು ತಂದು ಸುರಿದ ಸಿ.ಡಿ.ಗಳು ಬಿದ್ದಿರುತ್ತಿದ್ದವು. ಬಹಳ ಅಗ್ಗ. ಹೆಚ್ಚಿನವು ಗೀರು ಬಿದ್ದು ಹಾಳಾದಂಥವು. ಆದರೂ ಒಮ್ಮೆ ಒಳ್ಳೆಯ ಸಾರಂಗಿ ವಾದನ ಸಿಕ್ಕಿತ್ತು, ಆ ಆಸೆ ನನ್ನನ್ನು ಬಿಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ನನ್ನೆದುರು ಕೂತು ಅದೇ ಡಬ್ಬಿ ಕೆದಕುತ್ತಿದ್ದರು. ಕಣ್ಣು ಮಂಜು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಷ್ಟರಲ್ಲಿ ನನ್ನ ಕೈಗೆ ಒಂದು ಬಂತು. ಮೇಲೆ ನೀಲಿ ಪೆನ್ನಿನಲ್ಲಿ ‘ವಚನ ಗಾಯನ, ಮಹಾಕೂಟ’ ಎಂದು ಬರೆದಿತ್ತು.

“ಸರ, ಅದೊಂಚೂರು ತೋರಸ್ರಿ,” ಎಂದರು.

ತೋರಿಸಿದರೆ ಕೈತಪ್ಪೀತು ಎಂದುಕೊಂಡೆ. “ಇದು ನಾ ಆರಿಸಿದ್ದೈತ್ರಿ. ಬ್ಯಾರೇವು ಭಾಳ ಅದಾವ, ನೋಡ್ರಿ,” ಎಂದು ಎದ್ದುಬಿಟ್ಟೆ.

ಅವರು ಮತ್ತೆ ಡಬ್ಬಿ ಕೆದಕತೊಡಗಿದರು.

ಮನೆಗೆ ಬಂದು ಹಾಕಿದೆ. ಹಾಡಿದ್ದು ಒಬ್ಬ ಹೆಣ್ಣುಮಗಳು. ಕಲಿತ ಕಂಠವಲ್ಲ, ಉಸಿರು ಸಾಲದೆ ಅಲ್ಲಲ್ಲಿ ಸಾಲು ತುಂಡಾಗುತ್ತಿತ್ತು. ಆದರೆ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಮೂರನೆಯ ವಚನ ಮುಗಿದಾಗ ತಬಲಾ ನುಡಿಸುತ್ತಿದ್ದವರು, “ಒಂದೀಟು ನೀರು ಕುಡದು ಹಾಡ,” ಎಂದದ್ದು ಕೇಳಿಸಿತು. ಆ ಗೊಗ್ಗರು ದನಿ ಗುರುತು ಸಿಕ್ಕಿತು. ಮಧ್ಯಾಹ್ನ ನನಗೆ ‘ತೋರಸ್ರಿ’ ಎಂದವರದೇ.

ಮರುದಿನವೇ ಹೋಗಬೇಕಿತ್ತು. ಹೋಗಲಿಲ್ಲ. ಅವರ ಮುಖ ನೋಡಲು ನಾಚಿಕೆ. ಖರೆ ಹೇಳಬೇಕೆಂದರೆ, ಇನ್ನಷ್ಟು ದಿನ ಕೇಳುವ ಆಸೆಯೂ ಇತ್ತು. ಒಂದು ತಿಂಗಳು ಹಾಗೇ ಕಳೆಯಿತು.

ಕೊನೆಗೆ ಹೋಗಿ ಆ ಹಿರಿಯರ ಬಗ್ಗೆ ಕೇಳಿದಾಗ ಅಂಗಡಿಯವನು ಹೇಳಿದ: “ಅವ್ರು ಕುಳಗೇರಿ ಕ್ರಾಸಿನವ್ರರಿ. ಹೆಂಡತಿ ತೀರಿಕೊಂಡ್ರು. ಸೊಸಿ ತಿಳೀಲಾರದ ಅತ್ತಿ ಹಾಡಿದ ಸಿ.ಡಿ. ಗುಜರಿಗೆ ಹಾಕಿದ್ಲಂತ. ವಾರಾ ವಾರಾ ಹುಡುಕಾಕ ಬರ್ತಿದ್ರು. ಈಗ ಬರೂದಿಲ್ಲ.”

ಅಲ್ಲಿಂದ ನೇರ ಕುಳಗೇರಿ ಕ್ರಾಸಿನ ಬಸ್ಸು ಹತ್ತಿದೆ. ಕೇಳುತ್ತ ಕೇಳುತ್ತ ಮನೆ ಮುಟ್ಟಿದೆ. ಸೊಸೆ ಹೊರಗೆ ಬಂದಳು. “ಮಾವಗ ಲಕ್ವಾ ಹೊಡೀತ್ರಿ. ನಮ್ಮ ನಾದಿನಿ ಸೊಲ್ಲಾಪುರಕ್ಕ ಕರ್ಕೊಂಡು ಹೋಗ್ಯಾರ,” ಎಂದಳು. ನಾನು ಬಂದ ಕಾರಣ ಹೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡು ನಾದಿನಿಯ ನಂಬರು ಕೊಟ್ಟಳು.

ಹಾಡುಗಳನ್ನು ಮೊಬೈಲಿಗೆ ಇಳಿಸಿ ಆ ಹಿರಿಯರ ಮಗಳಿಗೆ ಕಳಿಸಿದೆ. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು.

“ಅಪ್ಪಗ ಕೇಳಿಸಿದ್ವಿರಿ. ಕಣ್ಣು ಮುಚ್ಚಿ ಪೂರಾ ಕೇಳಿದ್ರು.”

“ಏನಂದ್ರು ಅಕ್ಕಾರ?”

“ಭಾಳ ಚಂದ ಹಾಡ್ತಾಳ, ಯಾರು ಈಕಿ, ಅಂದ್ರು.”

ಅಂಗಡಿಯಲ್ಲಿ ನನ್ನೆದುರು ಕೂತು ‘ತೋರಸ್ರಿ’ ಎಂದ ದಿನ ಅವರಿಗೆ ಎಲ್ಲವೂ ನೆನಪಿತ್ತು.