ಪಕ್ಕದ ಬಾಲ್ಕನಿಯ ಹಿಮನದಿ

ಮದುವೆಯಾಗಿ ಇಪ್ಪತ್ತೈದು ವರ್ಷವಾಗುತ್ತ ಬಂದಿದ್ದರೂ ನಾನೂ ನನ್ನ ಹೆಂಡತಿಯೂ ಇಬ್ಬರೇ ಎಲ್ಲಿಗೂ ಪ್ರವಾಸ ಹೋದವರಲ್ಲ. ನಾನು ಮೈಸೂರಿನವನು, ಅವಳು ಉಡುಪಿಯವಳು. ಮಲೇಷ್ಯಾಕ್ಕೆ ಬಂದ ಮೇಲೆ ಸಿಕ್ಕ ರಜೆಗಳೆಲ್ಲ ಈ ಎರಡು ಊರುಗಳಿಗೆ ಹಂಚಿಹೋಗಿದ್ದವು. ಒಂದು ವರ್ಷ ನನ್ನ ತಮ್ಮನ ಮದುವೆ, ಮತ್ತೊಂದು ವರ್ಷ ಅವಳ ಅಮ್ಮನ ಕಣ್ಣಿನ ಆಪರೇಷನ್. ಪುಚೊಂಗಿನ ನಮ್ಮ ಫ್ಲ್ಯಾಟಿನಿಂದ ನಾನು ಸೈಬರ್‌ಜಯಾದ ಸಾಫ್ಟ್‌ವೇರ್ ಆಫೀಸಿಗೆ, ಅವಳು ಬಯೋಕೆಮಿಸ್ಟ್ರಿ ಪಾಠ ಮಾಡುವ ಮೆಡಿಕಲ್ ಕಾಲೇಜಿಗೆ. ಸಂಜೆ ಮತ್ತೆ ಮನೆಗೆ. ಹೀಗೇ ನಡೆದಿತ್ತು.

ಅಲಾಸ್ಕಾದ ಹಡಗಿನ ಆಸೆ ಅವಳದು. ಹಿಮನದಿಗಳ ಪಕ್ಕದಲ್ಲೇ ಹಾದು, ದಡದ ಸಣ್ಣ ಸಣ್ಣ ಊರುಗಳಲ್ಲಿ ನಿಂತು ಹೋಗುವ ಒಂದು ವಾರದ ಪ್ರಯಾಣ. ಬುಕ್ ಮಾಡಿದ ದಿನ ಊರಿಗೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ಹೇಳಿದಳು. ಮಾವನವರು ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಮೀನಿನ ದೋಣಿಗಳಿಗೆ ಹೋಗುವ ಐಸಿನ ಲೆಕ್ಕ ಬರೆದೇ ಮೂರು ಮಕ್ಕಳನ್ನು ಓದಿಸಿದವರು.

"ಐಸು ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ ಮಗಾ?" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ನಿನ್ನ ಗಂಡನಿಗೆ ಹಡಗು ಆಗ್ತದಾ? ಮಲ್ಪೆಯ ದೋಣಿಯಲ್ಲೇ ವಾಂತಿ ಮಾಡಿದವರು" ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ.

ನಾವು ಹೊರಡುವ ಮೊದಲೇ ಲಾಕ್‌ಡೌನ್ ಬಂತು. ರಸ್ತೆಯಲ್ಲಿ ಪೊಲೀಸರು ತಡೆ ಹಾಕಿದರು, ಸಾಮಾನು ತರಲು ಮನೆಗೆ ಒಬ್ಬರು ಮಾತ್ರ ಹೋಗಬೇಕಾಯಿತು. ಹಡಗಿನವರು ಪ್ರಯಾಣವನ್ನು ಮುಂದಕ್ಕೆ ಹಾಕಿದ್ದಾಗಿ ಬರೆದರು. ಎರಡನೇ ವರ್ಷವೂ ಹಾಗೇ ಬರೆದರು.

ಆ ಎರಡನೇ ವರ್ಷ ಮಾವನವರು ತೀರಿಕೊಂಡರು. ಆಸ್ಪತ್ರೆಗೆ ಸೇರಿ ನಾಲ್ಕೇ ದಿನ. ವಿಮಾನವಿಲ್ಲ, ಹೇಗಾದರೂ ಹೋದರೂ ಮಲೇಷ್ಯಾಕ್ಕೆ ಮರಳಿ ಬರಲು ಬಿಡುತ್ತಾರೆಂಬ ಭರವಸೆಯಿಲ್ಲ. ಅವಳ ಅಣ್ಣ ಫೋನು ಹಿಡಿದುಕೊಂಡು ಎಲ್ಲವನ್ನೂ ತೋರಿಸಲು ನೋಡಿದ. ನಡುವೆ ನೆಟ್‌ವರ್ಕ್ ಹೋಯಿತು. ಮತ್ತೆ ಚಿತ್ರ ಬಂದಾಗ ಕಂಡದ್ದು ಸ್ಮಶಾನದ ಕಾಂಪೌಂಡು ಮತ್ತು ಯಾರದೋ ಚಪ್ಪಲಿಗಳು ಮಾತ್ರ.

ಅದೇ ಮಧ್ಯಾಹ್ನ ಎರಡು ಗಂಟೆಗೆ ಅವಳಿಗೆ ಆನ್‌ಲೈನ್ ಕ್ಲಾಸ್ ಇತ್ತು.

"ಇವತ್ತೊಂದಿನ ಬಿಟ್ಬಿಡು," ಎಂದೆ.

"ಮಕ್ಕಳು ಕಾಯ್ತಾ ಇರ್ತಾರೆ," ಎಂದು ಮುಖ ತೊಳೆದು ಬಂದು ಲ್ಯಾಪ್‌ಟಾಪಿನ ಮುಂದೆ ಕೂತಳು. ಒಂದು ಗಂಟೆ ಪಾಠ ಮಾಡಿದಳು, ದನಿ ಎಲ್ಲಿಯೂ ನಡುಗಲಿಲ್ಲ. ಎದುರು ಫ್ಲ್ಯಾಟಿನ ತಮಿಳು ಅಕ್ಕ ಹೋಟೆಲಿನಿಂದ ಇಡಿಯಪ್ಪವನ್ನು ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿ ತಂದು, ಬಾಗಿಲ ಹಿಡಿಗೆ ಸಿಕ್ಕಿಸಿ, ಬೆಲ್ ಒತ್ತಿ ದೂರ ಹೋಗಿ ನಿಂತರು. ಅವರಿಗೆ ಕೈಮುಗಿದಳು. ಅಳಲಿಲ್ಲ. ಆ ವಾರವೂ ಅಳಲಿಲ್ಲ, ಆ ತಿಂಗಳೂ ಅಳಲಿಲ್ಲ. ಗಡಿ ತೆರೆದ ಕೂಡಲೇ ಉಡುಪಿಗೆ ಹೋಗಿ ಒಂದು ವಾರ ಇದ್ದು ಬಂದಳು. ಅಪ್ಪನ ಬಟ್ಟೆಗಳನ್ನು ಮಡಿಸಿ ಯಾರು ಯಾರಿಗೋ ಕೊಟ್ಟಳಂತೆ. ಅತ್ತೆ ನನಗೆ ಬೇರೆಯಾಗಿ ಫೋನ್ ಮಾಡಿ, "ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಇವಳು. ನನಗೆ ಹೆದರಿಕೆ ಆಗ್ತದೆ," ಎಂದರು.

ಹಡಗಿನ ಮಾತೆತ್ತಿದರೆ, "ಕ್ಯಾನ್ಸಲ್ ಮಾಡಿ," ಎನ್ನುತ್ತಿದ್ದಳು. "ಅಪ್ಪನ ಮುಖ ನೋಡ್ಲಿಕ್ಕೆ ಹೋಗ್ಲಿಕ್ಕಾಗಲಿಲ್ಲ. ಇನ್ನು ಐಸು ನೋಡ್ಲಿಕ್ಕೆ ಹೋಗುದಾ?"

ನಾನು ಹೂಂ ಎಂದೆ. ಆದರೆ ಕ್ಯಾನ್ಸಲ್ ಮಾಡಲಿಲ್ಲ, ಮಾಡಲಿಲ್ಲವೆಂದು ಹೇಳಲೂ ಇಲ್ಲ. ಅದು ತಪ್ಪೇ. ಲಸಿಕೆಯ ಪತ್ರ ಕಳಿಸಿ ಎಂದು ಹಡಗಿನವರ ಮೇಲ್ ನೇರ ಅವಳಿಗೇ ಹೋದಾಗ ಸಿಕ್ಕಿಬಿದ್ದೆ. ಎರಡು ದಿನ ಮಾತಿಲ್ಲ. ಕಾಲೇಜು ಓದುತ್ತಿದ್ದ ಮಗಳು ನನ್ನ ಕಡೆ ನೋಡಿ, "ಅಪ್ಪಾ, ಯು ಶುಡ್ ಹ್ಯಾವ್ ಆಸ್ಕ್ಡ್ ಹರ್ ಲಾ," ಎಂದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ, ಕೊನೆಗೆ ಮಲೇಷ್ಯಾದವರ ಆ 'ಲಾ' ಸೇರಿಸಿ. ಮೂರನೇ ಸಂಜೆ ನನ್ನ ಹೆಂಡತಿ ಸೀರೆಗೆ ಇಸ್ತ್ರಿ ಹಾಕುತ್ತ, ತಲೆಯೆತ್ತದೆ ಕೇಳಿದಳು: "ಅಲ್ಲಿ ಎಷ್ಟು ದಪ್ಪದ ಜಾಕೆಟ್ ಬೇಕಾಗ್ತದೆ?"

ಸಿಯಾಟಲ್‌ನಲ್ಲಿ ಹಡಗು ಹತ್ತಿದೆವು. ಮೊದಲ ದಿನವಿಡೀ ನಾನು ಮಲಗಿಯೇ ಇದ್ದೆ. ಅವಳು ಶುಂಠಿ ಚೂರು ತಂದುಕೊಟ್ಟು, ಮಲ್ಪೆಯ ದೋಣಿಯ ಬಗ್ಗೆ ಮಾವನವರು ಆಡಿದ್ದ ಮಾತನ್ನು ಎತ್ತದೆ ಬಿಟ್ಟಳು. ಮೊದಲ ಊರು ಜೂನೋದಲ್ಲಿ ಜಿಟಿಜಿಟಿ ಮಳೆಯಲ್ಲಿ ಎರಡು ಗಂಟೆ ಅಡ್ಡಾಡಿದೆವು. ಅವಳು ಉಣ್ಣೆಯ ಟೋಪಿ ಕೊಂಡಳು. ಹಡಗಿಗೆ ಮರಳಿದಾಗ ಗಂಟಲು ಕೆರೆಯುತ್ತಿದೆ ಎಂದಳು. ಹಡಗಿನ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿದರು. ಅವಳು ಪಾಸಿಟಿವ್, ನಾನು ನೆಗೆಟಿವ್.

ಸೋಂಕಿನವರಿಗೆಂದೇ ತೆಗೆದಿಟ್ಟ ಕೋಣೆಗಳ ಸಾಲಿಗೆ ಅವಳನ್ನೂ, ಜೊತೆಗಿದ್ದವನೆಂದು ನನ್ನನ್ನೂ ಕಳಿಸಿದರು. ಅಕ್ಕಪಕ್ಕದ ಎರಡು ಕೋಣೆ, ಒಂದರಲ್ಲಿ ಅವಳು, ಇನ್ನೊಂದರಲ್ಲಿ ನಾನು. ಹೊರಗೆ ಬರುವಂತಿಲ್ಲ. ಊಟವನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. ಎರಡೂ ಕೋಣೆಗೆ ಸಣ್ಣ ಬಾಲ್ಕನಿ ಇತ್ತು, ನಡುವೆ ಮಂಜುಗಾಜಿನಂಥ ಅಡ್ಡಗೋಡೆ. ಅದರಾಚೆ ಅವಳ ನೆರಳು ಕಾಣಿಸುತ್ತಿತ್ತು.

"ಎಂತ ಮಾರಾಯ್ರೆ," ಎಂದಿತು ನೆರಳು, "ಇಷ್ಟು ದೂರ ಬಂದು ಬೇರೆ ಬೇರೆ ಕೋಣೆಯಲ್ಲಿ ಕೂರುವ ಹಾಗಾಯ್ತಲ್ಲ."

"ಹೋಗ್ಲಿ ಬಿಡು. ಜ್ವರ ಇದ್ಯಾ?"

"ಸ್ವಲ್ಪ. ನಿಮ್ಮ ಹೊಟ್ಟೆ ಹೇಗುಂಟು?"

ಮರುದಿನ ಬೆಳಿಗ್ಗೆ ಹಡಗು ಹಿಮನದಿಯೆದುರು ಬಂದು ನಿಂತಿತು. ಮೊದಲು ಅದು ಕಂಡದ್ದು ಆಚೆ ಬದಿಯವರಿಗೆ. ಮೇಲಿನ ಅಂತಸ್ತಿನಿಂದ ಜನರ ಉದ್ಗಾರ ಕೇಳುತ್ತಿತ್ತು. ನಮ್ಮೆದುರು ಬೂದು ಬಣ್ಣದ ಗುಡ್ಡ ಮತ್ತು ತೇಲುವ ಐಸಿನ ಚೂರುಗಳಷ್ಟೇ. ಇಷ್ಟಕ್ಕೇ ಬಂದದ್ದು ಎಂದುಕೊಂಡೆ. ಆಗ ಹಡಗು ನಿಂತಲ್ಲೇ ಮೆಲ್ಲಗೆ ತಿರುಗತೊಡಗಿತು. ಗುಡ್ಡ ಜರುಗಿತು, ಮತ್ತೊಂದು ಗುಡ್ಡ ಜರುಗಿತು, ಕೊನೆಗೆ ಹಿಮದ ಆ ಗೋಡೆ ಎದುರಿಗೆ ಬಂತು. ಬಿಳಿ ಎಂದುಕೊಂಡಿದ್ದೆ. ಬಿರುಕುಗಳೊಳಗೆಲ್ಲ ನೀಲಿ.

ಅದರ ಒಂದು ಮೂಲೆ ಸದ್ದಿಲ್ಲದೆ ಕುಸಿಯಿತು. ನೀರು ಮೇಲೆದ್ದಿತು. ಆಮೇಲೆ ಗುಡುಗಿನಂಥ ಸದ್ದು ನಮ್ಮವರೆಗೆ ಬಂತು.

ಅವಳ ಬಾಲ್ಕನಿಯಿಂದ ಬಿಕ್ಕಳಿಸುವ ಸದ್ದು ಕೇಳಿಸಿತು. ಮೊದಲು ಕೆಮ್ಮು ಎಂದುಕೊಂಡೆ.

"ಏನಾಯ್ತೇ? ಡಾಕ್ಟರಿಗೆ ಫೋನ್ ಮಾಡ್ಲಾ?"

"ಬೇಡ. ನೀವು ಅಲ್ಲೇ ಇರಿ."

ಅಡ್ಡಗೋಡೆಯಾಚೆಯಿಂದ ಕಂಬಿಯ ಮೇಲೆ ಅವಳ ಕೈ ಬಂತು. ಗ್ಲೌಸ್ ತೆಗೆದಿದ್ದಳು. ಮುಟ್ಟಬಾರದೆಂದು ಹೇಳಿದ್ದರು. ನಾನು ಹಿಡಿದುಕೊಂಡೆ. ಕೈ ಜ್ವರಕ್ಕೆ ಬೆಚ್ಚಗಿತ್ತು. ಅಳುವವಳ ಮುಖ ನನಗೆ ಕಾಣುತ್ತಿರಲಿಲ್ಲ, ಅದೇ ಒಳ್ಳೆಯದಾಯಿತೇನೋ. ನಾನು ಎದುರಿಗಿದ್ದಿದ್ದರೆ ಅವಳು ಕಣ್ಣೊರೆಸಿಕೊಂಡು ನನ್ನನ್ನೇ ಸಮಾಧಾನ ಮಾಡುತ್ತಿದ್ದಳು.

"ಬೇಸಿಗೆಯಲ್ಲಿ ಅಪ್ಪ ಐಸು ತರ್ತಿದ್ರು," ಎಂದಳು, ಅಳು ಸ್ವಲ್ಪ ನಿಂತ ಮೇಲೆ. "ಮರದ ಹೊಟ್ಟು ಹಾಕಿ, ಗೋಣಿ ಸುತ್ತಿ, ಸೈಕಲಿನ ಹಿಂದೆ ಕಟ್ಟಿ. ಮನೆ ಮುಟ್ಟುವಾಗ ಅರ್ಧ ಕರಗಿರ್ತಿತ್ತು. ಅಂಗಿಯ ಬೆನ್ನೆಲ್ಲ ಒದ್ದೆ. ನಮಗೆ ಪುನರ್ಪುಳಿ ಶರಬತ್ತಿಗೆ ಹಾಕಿ ಕೊಡ್ತಿದ್ರು. ಅವರು ಕುಡೀತಿರಲಿಲ್ಲ, ಹಲ್ಲು ಜುಮ್ಮೆನ್ನುತ್ತದೆ ಅಂತ. ಸುಳ್ಳು ಅದು. ನಮಗೇ ಸಾಕಾಗ್ತಿರಲಿಲ್ಲ, ಅದಕ್ಕೆ."

ಇಷ್ಟು ವರ್ಷಗಳಲ್ಲಿ ನಾನು ಈ ಮಾತು ಕೇಳಿರಲಿಲ್ಲ. ಹಡಗು ತಿರುಗಿ ಹಿಮದ ಗೋಡೆ ಮರೆಯಾದ ಮೇಲೂ ಅವಳು ಹೇಳುತ್ತಲೇ ಇದ್ದಳು. ಉಳಿದ ಊರುಗಳನ್ನು ನೋಡಿದ್ದು ಬಾಲ್ಕನಿಯಿಂದಲೇ. ಬಣ್ಣ ಬಣ್ಣದ ಮರದ ಮನೆಗಳು, ನೀರಿನಿಂದಲೇ ಹಾರಿಹೋಗುವ ಪುಟ್ಟ ವಿಮಾನಗಳು. ಮತ್ತು ಗೋಡೆಯಾಚೆಯಿಂದ, ಕೆಮ್ಮಿನ ನಡುನಡುವೆ, ಮಾವನವರ ಮಾತು.

ಕ್ವಾಲಾಲಂಪುರದ ವಿಮಾನ ನಿಲ್ದಾಣಕ್ಕೆ ಮಗಳು ಕಾರು ತಂದಿದ್ದಳು. ಅಮ್ಮನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಹೊರಟ ಮೇಲೆ ನನ್ನ ಹೆಂಡತಿ ಉಡುಪಿಗೆ ಫೋನ್ ಹಚ್ಚಿದಳು. ಆರೋಗ್ಯದ ಮಾತು ಮುಗಿದ ಮೇಲೆ, "ಅಮ್ಮಾ," ಎಂದಳು, "ಅಪ್ಪನಿಗೆ ಆಸ್ಪತ್ರೆಯಲ್ಲಿ ಕೊನೆಗೆ ಊಟ ಸೇರ್ತಿತ್ತಾ? ಎಂತ ಮಾತಾಡಿದ್ರು?" ಒಂದು ವರ್ಷದಿಂದ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳತೊಡಗಿದಳು. ಆ ಕಡೆ ಅತ್ತೆ ಅಳುತ್ತ ಹೇಳುತ್ತಿದ್ದರು, ಈ ಕಡೆ ಇವಳು ಅಳುತ್ತ ಕೇಳುತ್ತಿದ್ದಳು.

ಪುಚೊಂಗ್‌ಗೆ ಇಳಿಯುವ ದಾರಿ ಬಂತು. ಮಗಳು ಕನ್ನಡಿಯಲ್ಲಿ ಒಮ್ಮೆ ಅಮ್ಮನ ಮುಖ ನೋಡಿದಳು. ಕಾರು ತಿರುಗಿಸಲಿಲ್ಲ. ಅಮ್ಮನ ಮಾತು ಮುಗಿಯಲಿ ಎಂಬಂತೆ, ಮುಂದಿನ ಊರು ಸುಬಾಂಗ್ ಜಯಾದ ಕಡೆಗೆ ನೇರ ಓಡಿಸಿಕೊಂಡು ಹೋದಳು.