ನಾಲ್ಕನೇ ಸೀಟಿನ ಸಾಕ್ಷಿ

ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಎಂ.ಎ. ಓದಿದ್ದು ಮನಃಶಾಸ್ತ್ರ, ಕಣ್ಣಾರೆ ಕಂಡವರೂ ಎಷ್ಟು ಸಲೀಸಾಗಿ ತಪ್ಪುತ್ತಾರೆ ಎಂಬುದೊಂದೇ ಅದರಲ್ಲಿ ಉಳಿದಿರುವ ಪಾಠ. ಅಂಥವನು ಫೋರ್ಟಿನ ಕೋರ್ಟಿನಲ್ಲಿ ಕಟಕಟೆ ಹತ್ತಿದೆ.

ನಮ್ಮ ಆಫೀಸಿನ ಗುಮಾಸ್ತರೊಬ್ಬರು, ವಿಜಯಪುರದ ಮುಸ್ಲಿಮರು, ದಿನಾ ವಿಕ್ರೋಳಿಯಲ್ಲಿ ನನ್ನ ಜೊತೆಗೇ ಲೋಕಲ್ ರೈಲು ಹತ್ತುವವರು. ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತವನು ಅವರ ಹಲ್ಲು ಮುರಿಯುವಂತೆ ಹೊಡೆದ. ಪೊಲೀಸರು ಬರೆದುಕೊಂಡದ್ದು ‘ಸೀಟಿನ ಜಗಳ’ ಎಂದು.

"ಅಂವಗ ಒಂದ್ ದಿನಾ ಹಾಕ್ಲಿ, ಹತ್ತ್ ವರ್ಷ ಹಾಕ್ಲಿ, ಸರ. ಯಾಕ ಹೊಡದಾ ಅನ್ನೂದು ಬರೀಬೇಕು. ನಮ್ಮಪ್ಪ ಸೀಟಿಗೆ ಬಡದಾಡಿದಾ ಅಂತ ನನ್ನ ಮಗಳು ಓದಬಾರ್ದು ನೋಡ್ರಿ," ಎಂದಿದ್ದರು ಗುಮಾಸ್ತರು.

ಆರೋಪಿಯ ವಕೀಲರು ನನ್ನನ್ನು ಚೆನ್ನಾಗಿ ಹಿಂಡಿದರು. ಘಾಟ್‌ಕೋಪರ್ ದಾಟಿತ್ತೋ, ಕುರ್ಲಾವೋ? ಗೊತ್ತಿಲ್ಲ. ಅಂಗಿಯ ಬಣ್ಣ? ನೆನಪಿಲ್ಲ.

"ಮತ್ತೆ ನೆನಪಿರುವುದಾದರೂ ಏನು, ಪಂಡಿತರೇ?"

"ಆ ನಾಲ್ಕನೇ ಸೀಟು ನನಗೆ ಸಿಗಲಿಲ್ಲವಲ್ಲ ಅಂತ ಹೊಟ್ಟೆ ಉರಿದದ್ದು."

ಎಲ್ಲರೂ ನಕ್ಕರು. ಮ್ಯಾಜಿಸ್ಟ್ರೇಟ್ ಮೇಡಂ ನಗಲಿಲ್ಲ. "ಮುಂದೆ ಹೇಳಿ," ಎಂದರು.

ಹೇಳಿದೆ. ಮೂವರ ಸೀಟಿನಲ್ಲಿ ಸರಿದು ನಾಲ್ಕನೆಯವನಿಗೆ ತುದಿ ಬಿಡುವುದು ಲೋಕಲ್ಲಿನ ರೂಢಿ. ಆರೋಪಿ ತಾನಾಗಿಯೇ ಸರಿದು, "ಬೈಠೋ ಭಾಯಿ," ಎಂದು ಗುಮಾಸ್ತರನ್ನು ಕೂರಿಸಿಕೊಂಡಿದ್ದ. ಮುಂದೆಯೇ ನಿಂತಿದ್ದ ನನ್ನನ್ನು ಕರೆಯಲಿಲ್ಲ. ಆಮೇಲೆ ಗುಮಾಸ್ತರಿಗೆ ಫೋನ್ ಬಂತು. "ಅಸ್ಸಲಾಮು ಅಲೈಕುಂ," ಎಂದರು. ಆಗ ಬಿತ್ತು, ಅವರ ಧರ್ಮ ಹಿಡಿದು ಬೈಗುಳ, ಹಿಂದೆಯೇ ಏಟು. ಸೀಟು ಕೊಟ್ಟವನೇ ಸೀಟಿಗಾಗಿ ಹೊಡೆಯುತ್ತಾನೆಯೇ?

ವಕೀಲರು ಕೂತರು.

ಸೀಟಿಗಾಗಿ ಬಿದ್ದ ಏಟು ಒಬ್ಬನಿಗೆ ಬೀಳುತ್ತದೆ. ಸಲಾಂ ಎಂದದ್ದಕ್ಕೆ ಬಿದ್ದದ್ದು ಆ ಡಬ್ಬಿಯಲ್ಲಿ ಸಲಾಂ ಎನ್ನುವ ಎಲ್ಲರಿಗೂ ಬೀಳುತ್ತದೆ. ನಾಳೆಯಿಂದ ಅವರು ಫೋನೇ ಎತ್ತುವುದಿಲ್ಲ. ಕಾನೂನು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಾರಣವನ್ನು ಬರೆಯಬೇಕು, ಅದಕ್ಕೆಂದೇ ಶಿಕ್ಷೆ ಹೆಚ್ಚಿಸಬೇಕು. ಮೇಡಂ ಹಾಗೆಯೇ ಮಾಡಿದರು. "ಇದು ಸೀಟಿನ ಜಗಳವಲ್ಲ, ದ್ವೇಷದ ಹಲ್ಲೆ" ಎಂಬರ್ಥದ ಸಾಲು ತೀರ್ಪಿನಲ್ಲಿತ್ತು. ಅದೊಂದನ್ನು ನೆನಪಿನ ಮೇಲೆ ಬಿಡದೆ ನಕಲು ತೆಗೆಸಿಟ್ಟಿದ್ದೇನೆ.

ತೀರ್ಪು ಬಂದ ಸಂಜೆ ಲೋಕಲ್ಲಿನಲ್ಲಿ ಯಾರೋ ಸರಿದರು, ಗುಮಾಸ್ತರು ತುದಿಗೆ ಕೂತರು. ಮಗಳಿಗೆ ಫೋನ್ ಹಚ್ಚಿ, ಇಡೀ ಡಬ್ಬಿಗೆ ಕೇಳುವಂತೆ ಸಲಾಂ ಹೇಳಿ, "ಗೆದ್ವಿ, ಬೇಟಾ!" ಎಂದರು. ನಂತರ ಕತ್ತೆತ್ತಿ ನನ್ನನ್ನು ನೋಡಿದರು.

"ಏನ್ ಸರ, ಇವತ್ತೂ ಹೊಟ್ಟಿ ಉರೀಲಿಕತ್ತೈತೇನ್ರಿ?"

"ಭಾರೀ ಉರೀತಿದೆ," ಎಂದೆ. ಅದು ಕಟಕಟೆಯಲ್ಲವಲ್ಲ, ಆರಾಮಾಗಿ ಸುಳ್ಳು ಹೇಳಿದೆ.