ತೆಂಗಿನ ಸೀಮೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ನಡೆದವನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಿಪಟೂರಿಗೆ ಬಂದ ಹೊಸತರಲ್ಲಿ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಿದ್ದ ಮಹಾಶಯ ನಾನೇ. ಬೈಕಿನಲ್ಲಿ ಅಲ್ಲ, ಕಾಲ್ನಡಿಗೆಯಲ್ಲಿ. ಹಾಲು ತರಲು ಹೋಗುವಾಗಲೂ ಹೆಲ್ಮೆಟ್.

ನಮ್ಮ ವಿಜಯಪುರದ ಕಡೆಯವರಿಗೆ ನನ್ನ ಕಷ್ಟ ಅರ್ಥವಾದೀತು. ನಮ್ಮ ಎರೆಹೊಲದಲ್ಲಿ ಮೇಲಿಂದ ಬೀಳುವುದು ಬಿಸಿಲು, ಹೆಚ್ಚೆಂದರೆ ಕಾಗೆಯ ಪ್ರಸಾದ. ಜೋಳದ ನಡುವೆ ನಿಂತರೆ ಮುಂದಿನ ಊರಿನ ತನಕ ಕಣ್ಣು ಓಡುತ್ತದೆ. ಇಲ್ಲಿ ಆಕಾಶ ಕಾಣುವುದೇ ಗರಿಗಳ ಸಂದಿಯಲ್ಲಿ, ಚೂರುಚೂರಾಗಿ. ಬಂದ ಮರುದಿನವೇ ಆಳುದ್ದದ ಒಣಗರಿಯೊಂದು ನನ್ನ ಮೂಗಿನ ಮುಂದೆ ಧಡ್ಡನೆ ಬಿತ್ತು. ಅಂದೇ ಹೆಲ್ಮೆಟ್ ತಲೆಗೇರಿತು.

ನನಗೆ ಕೋಣೆ ಬಾಡಿಗೆಗೆ ಕೊಟ್ಟ ಗಂಗಮ್ಮಜ್ಜಿ ತೋಟದ ಮನೆಯ ಜಗುಲಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಒಂದು ದಿನ ಕೇಳಿದರು, "ಯಾಕಪ್ಪಾ, ಗಾಡಿ ಮಾರ್ಬುಟ್ಟು ಹೆಲ್ಮೆಟ್ ಮಾತ್ರ ಉಳಿಸ್ಕಂಡ್ಯಾ?"

"ಕಾಯಿ ಬಿದ್ರ ಏನ್ ಮಾಡೂದ್ರೀ ಅಜ್ಜಿ?"

"ಕಾಯಿಗೆ ಮೂರು ಕಣ್ಣವೆ ಕಣಪ್ಪ. ನೋಡ್ಕಂಡೇ ಬೀಳ್ತದೆ."

"ಕಣ್ಣಿರೂದು ಸಿಪ್ಪಿ ಒಳಗಲ್ರೀ, ಕಾಣೂದು ಹೆಂಗ?"

"ನಿಂಗೆ ಹೊರಗೇ ಇಟ್ಟವ್ನಲ್ಲ ದೇವ್ರು, ನಿಂಗೇನು ಕಂಡೈತೆ ಬುಡು."

ಮಿಮಿಕ್ರಿ ನನ್ನ ಕಸುಬಲ್ಲ, ಚಟ. ಒಂದೇ ವಾರದಲ್ಲಿ ಅಜ್ಜಿಯ 'ಬುಡು' ನನಗೆ ಬಂದಿತ್ತು, ನನ್ನ 'ಹೌದ್ರೀ' ಅಜ್ಜಿಗೂ ಬಂದಿತ್ತು. ರಾಗಿಮುದ್ದೆಯನ್ನು ರೊಟ್ಟಿಯಂತೆ ಜಗಿಯುವ ನನ್ನ ಮುಖವನ್ನು ಅವರು ನನಗಿಂತ ಚೆನ್ನಾಗಿ ಮಾಡಿ ತೋರಿಸುತ್ತಿದ್ದರು. ಅವರ ಮನೆಯ ಅಟ್ಟದ ತುಂಬ ಕಾಯಿ. ನೀರೆಲ್ಲ ಇಂಗುವ ತನಕ ತಿಂಗಳುಗಟ್ಟಲೆ ಅಲ್ಲೇ ಬಿಡುತ್ತಾರೆ. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನಬೇಕು. ಹೀಗೆ ಚಿಪ್ಪಿನಿಂದ ಬಿಡಿಸಿಕೊಂಡ ಕೊಬ್ಬರಿಗೆ ಇಲ್ಲಿ ಗಿಟುಕು ಎನ್ನುತ್ತಾರೆ. ನಮ್ಮೂರಲ್ಲಿ ಹಬ್ಬಕ್ಕೊಮ್ಮೆ ಕಾಗದದ ಪೊಟ್ಟಣದಲ್ಲಿ ಬರುವ ಕೊಬ್ಬರಿ ಇಲ್ಲಿ ತಲೆಯ ಮೇಲೆಯೇ ಸಂಸಾರ ಮಾಡುತ್ತಿತ್ತು.

ನಗುವುದೆಲ್ಲ ಸರಿ, ನನ್ನ ನೌಕರಿಯೇ ತೋಟದೊಳಗಿನದು. ತೆಂಗು ಬೆಳೆಗಾರರ ಸಂಘವೊಂದರಲ್ಲಿ ಮರಗಳಿಗೆ ಹುಳು ಬಿದ್ದಿದೆಯೇ ಎಂದು ನೋಡಿ ಹೇಳುವವನು ನಾನು. ನಾನೋ ರಸ್ತೆಯಲ್ಲೇ ನಿಂತು, "ಯಜಮಾನ್ರೇ, ಒಂದು ಗರಿ ಇಲ್ಲಿಗೇ ತನ್ನಿ" ಎನ್ನುತ್ತಿದ್ದೆ. ಕೊನೆಗೆ ದಂಡಿನಶಿವರದ ತೋಟವೊಂದರ ನಡುವಿಗೆ ಹೋಗಲೇಬೇಕಾಯಿತು. ಅಲ್ಲಿ ಎದೆ ಗಿಟುಕಿನಂತೆ ಲೊಡಲೊಡ ಎಂದಿತು. ಬೆರಳು ಜೋಮು ಹಿಡಿದವು. ಉಸಿರು ಗಂಟಲಲ್ಲೇ ನಿಂತಿತು. ಸತ್ತೆ ಎಂದುಕೊಂಡು ಕುಸಿದೆ. ಸುತ್ತಲಿದ್ದ ರೈತರು ಚಪ್ಪಾಳೆ ತಟ್ಟಿದರು. ಹಿಂದಿನ ವಾರವಷ್ಟೇ ಅವರಿಗೆ ಸಿನಿಮಾದ ಸಾವುಗಳನ್ನು ಅಭಿನಯಿಸಿ ತೋರಿಸಿದ್ದೆ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ಹೃದಯ ಚೆನ್ನಾಗಿತ್ತು. ಡಾಕ್ಟರು ಪಕ್ಕದ ಕೋಣೆ ತೋರಿಸಿದರು. ಸಂಘದ ಸಾಹೇಬರು ಫೋನಿನಲ್ಲಿ, "ತೋಟಕ್ಕೆ ಇಳಿಯೋಕೆ ಆಗದಿದ್ರೆ ತಿಂಗಳ ಕೊನೆಗೆ ಊರಿಗೆ ಹೊರಡಪ್ಪ" ಎಂದರು.

ಪಕ್ಕದ ಕೋಣೆಯಲ್ಲಿದ್ದವರು ಶಾಹಿನಾ ಮೇಡಂ, ಆಪ್ತ ಸಮಾಲೋಚಕಿ. ಹುಚ್ಚಿನ ಡಾಕ್ಟರೇ ಇರಬೇಕೆಂದು ನಾನು ಬಾಗಿಲಲ್ಲೇ ನಿಂತೆ. ಅವರು ಕುರ್ಚಿ ತೋರಿಸಿ, ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡು ಹೇಳಿದರು: ಇದು ಆತಂಕ. ಆ ಗರಿ ಬಿದ್ದ ದಿನ ನಿಮ್ಮ ಮೈ ಕೂಗಿದ್ದು ಸರಿಯೇ. ಆದರೆ ಈಗ ಗರಿಯಿಲ್ಲದಿದ್ದರೂ ಕೂಗುತ್ತಿದೆ. ನೀವು ಓಡಿಹೋದಾಗಲೆಲ್ಲ, ಓಡಿದ್ದಕ್ಕೇ ಬದುಕಿದೆ ಎಂದು ಅದು ನಂಬುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ಕೂಗುತ್ತದೆ.

"ಆ ಕೂಗಿಗೆ ಒಂದು ದನಿ ಕೊಡಿ ನೋಡೋಣ," ಎಂದರು. "ಮಿಮಿಕ್ರಿ ಮಾಡ್ತೀರಂತಲ್ಲ."

ಬಸ್‌ಸ್ಟ್ಯಾಂಡಿನ ಕಂಡಕ್ಟರ್ ದನಿಯಲ್ಲಿ ಶುರುಮಾಡಿದೆ: "ಬನ್ನಿ ಬನ್ನಿ, ಹಾರ್ಟ್ ಅಟ್ಯಾಕ್, ಸ್ಮಶಾನ, ಸ್ಮಶಾನ, ಡೈರೆಕ್ಟ್ ಗಾಡಿ, ಮಧ್ಯೆ ಸ್ಟಾಪ್ ಇಲ್ಲ."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಕಂಡಕ್ಟರ್ ಕೂಗ್ಲಿ ಬಿಡಿ. ಕೂಗಿದ ಬಸ್ಸೆಲ್ಲ ಹತ್ತಲೇಬೇಕಾ?" ಎಂದರು.

ಹಾಗೆ ಅಭ್ಯಾಸ ಶುರುವಾಯಿತು. ಮೊದಲು ಆಸ್ಪತ್ರೆಯ ಆವರಣದ ಒಂಟಿ ತೆಂಗಿನ ಮರ. ಬರಿದಲೆಯಲ್ಲಿ ಅದರಡಿ ನಿಲ್ಲಬೇಕು, ಎದೆ ಏನೇ ಕೂಗಿದರೂ ಅದು ತಾನಾಗಿ ಇಳಿಯುವ ತನಕ ಕದಲಬಾರದು. ಅವರದೊಂದೇ ನಿಯಮ: ಒಮ್ಮೆ ಮೇಲೆ ನೋಡಿ, ಒಣಗರಿ ನೇತಾಡುತ್ತಿದ್ದರೆ ಪಕ್ಕಕ್ಕೆ ಸರಿಯಿರಿ. ಅದು ಬುದ್ಧಿ. ಎರಡನೇ ಸಲ ನೋಡಬೇಡಿ, ಅದು ಆತಂಕ.

ಗಂಗಮ್ಮಜ್ಜಿಯ ತೋಟದಲ್ಲಿ ಅಭ್ಯಾಸ ಮಾಡುವಾಗ, ಕಂಡಕ್ಟರ್ ಕಥೆ ನನ್ನಿಂದಲೇ ಕೇಳಿದ್ದ ಅಜ್ಜಿ ಮೇಲ್ವಿಚಾರಕಿ. ನಾನು ಎರಡನೇ ಸಲ ಕತ್ತೆತ್ತಿದರೆ ಸಾಕು, ಜಗುಲಿಯಿಂದಲೇ, "ಲೇ, ಬಸ್ ಹತ್ತಬ್ಯಾಡ ಕಣ್ಲಾ, ಇಳೀ" ಎಂದು ಕೂಗುತ್ತಿದ್ದರು. ಕೆಲವು ದಿನ ನಿಂತೆ, ಕೆಲವು ದಿನ ಓಡಿದೆ. ಓಡಿದ ದಿನ ಮೇಡಂ ಬೈಯಲಿಲ್ಲ, ಒಂದು ಮರ ಹಿಂದಕ್ಕೆ, ನಾನು ಆಗಲೇ ನಿಂತು ಗೆದ್ದಿದ್ದ ಮರದಡಿಗೆ, ಕರೆದುಕೊಂಡು ಹೋದರು.

ತಿಂಗಳ ಕೊನೆಗೆ ಸಾಹೇಬರು ಮತ್ತೆ ಅದೇ ದಂಡಿನಶಿವರದ ತೋಟಕ್ಕೆ ಕರೆದೊಯ್ದರು. ಅದೇ ರೈತರು, ಚಪ್ಪಾಳೆಗೆ ಸಿದ್ಧರಾಗಿ. ಕಂಡಕ್ಟರ್ ಕೂಗಿದ. ಒಮ್ಮೆ ಮೇಲೆ ನೋಡಿದೆ, ನಡೆದೆ. ನಡುಮಧ್ಯದ ಮರದ ಬುಡದಲ್ಲಿ ನಿಂತು ಹುಳು ತಿಂದ ಗರಿ ತೋರಿಸಿ, ಏನು ಮಾಡಬೇಕೆಂದೂ ಹೇಳಿದೆ. ನೌಕರಿ ಉಳಿಯಿತು. ಕಂಡಕ್ಟರ್ ಈಗಲೂ ಆಗಾಗ ಬರುತ್ತಾನೆ. ಅವನ ಗಂಟಲು ಕಟ್ಟಿದೆ, ಅಷ್ಟೇ. ಹೆಲ್ಮೆಟ್ಟಿನಲ್ಲಿ ಅಜ್ಜಿಯ ಕೋಳಿ ಮೊಟ್ಟೆ ಇಟ್ಟಿದೆ.

ಮೊನ್ನೆ ರಜೆಗೆ ನಮ್ಮೂರಿಗೆ ಹೋದೆ. ಬಯಲು ನೋಡಿ ಎದೆ ತಣ್ಣಗಾಯಿತು, ಹಿಂದೆಯೇ ತಲೆಯ ಮೇಲೆ ಏನೋ ಕಡಿಮೆಯಾದಂತೆಯೂ ಅನಿಸಿತು. ಬಸ್ಸಿಳಿದು ಮನೆಯತ್ತ ನಡೆಯುತ್ತ, ಅಭ್ಯಾಸಬಲದಿಂದ, ಏನೂ ಇಲ್ಲದ ಆಕಾಶಕ್ಕೆ ಒಮ್ಮೆ ಕತ್ತೆತ್ತಿದೆ. ಕಾಲು ಪಚಕ್ಕೆಂದಿತು. ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ನನ್ನ ಕಥೆಯನ್ನೆಲ್ಲ ಹೇಳಿ, ಈಗ ನಾನು ಯಾವ ಊರಿನವನೋ ತಿಳಿಯದಾಗಿದೆ ಎಂದು ದೊಡ್ಡ ದನಿಯಲ್ಲಿ ಶುರುಮಾಡಿದೆ. ಅವ್ವ ನನ್ನ ಕಾಲನ್ನೇ ನೋಡುತ್ತಿದ್ದಳು.

"ಅಲ್ಲಿ ಮ್ಯಾಲ ನೋಡಿ ನಡೀ, ಇಲ್ಲಿ ಕೆಳಗ ನೋಡಿ ನಡೀ," ಎಂದಳು. "ಈಗ ಮೊದ್ಲ ಸಗಣಿ ತೊಳಕೊಂಡ್ ಒಳಗ ಬಾ."